ಮಾಮನ ಮೂರು ಪದರ

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಒಂದು ಹನಿ ಮದ್ಯ ಮುಟ್ಟಿದವರಲ್ಲ. ನನ್ನ ಕಷ್ಟಕ್ಕೆಲ್ಲ ಅದೇ ಮೂಲ! ಕುಡಿಯುವವರಾಗಿದ್ದರೆ ಎಲ್ಲರ ಹಾಗೆ ಕುಡಿದು, ಎಲ್ಲರ ಹಾಗೆ ಬೈಸಿಕೊಂಡು, ಎಲ್ಲರ ಹಾಗೆ ಮಲಗುತ್ತಿದ್ದರು. ಕುಡಿಯದ ಮನುಷ್ಯ ಬ್ರಾಂದಿ ಬಾಟಲಿ ಹಿಡಿದು ನಿಮ್ಮ ಅಡುಗೆಮನೆಗೆ ನುಗ್ಗಿದರೆ ಏನು ಮಾಡುತ್ತೀರಿ? ಯಾವ ಕಾಯಿದೆಯ ಪ್ರಕಾರ ಹೊರಗೆ ಹಾಕುತ್ತೀರಿ?

ಮಾಮ ಚಿತ್ತಾಪುರದಲ್ಲಿ ಹೆಡ್ ಮಾಸ್ತರರಾಗಿ ನಿವೃತ್ತರಾದವರು. ಮಕ್ಕಳ ಕೈಗೆ ಫಲಕ ಕೊಟ್ಟು, ಕುಡಿತ ಬಿಡಿರೆಂದು ಊರೆಲ್ಲ ಮೆರವಣಿಗೆ ತೆಗೆಸಿದವರು. ಅವರ ಒಬ್ಬಳೇ ಮಗಳು ಹೈದರಾಬಾದಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದಳು. ಮ್ಯಾನೇಜ್‌ಮೆಂಟ್ ಎಂದರೆ ಗಲ್ಲಾದ ಮೇಲೆ ಕೂಡುವುದೆಂದು ಇವರ ನಂಬಿಕೆ. ಆಕೆ ದೊಡ್ಡ ಹೋಟೆಲಿನ ಬಾರಿನಲ್ಲಿ ನಿಂತು ಬಗೆಬಗೆಯ ಮದ್ಯ ಬೆರೆಸಿ ಕೊಡುತ್ತಾಳೆಂದು ಗೊತ್ತಾದ ದಿನ, ಫೋನಿನಲ್ಲೇ, ನನ್ನ ಹೊಸ್ತಿಲು ತುಳಿಯಬೇಡ ಎಂದುಬಿಟ್ಟರು. ಆಕೆಯೂ ಅಪ್ಪನ ಮಗಳೇ. ತುಳಿಯಲಿಲ್ಲ.

ಈ ಎಳ್ಳಮಾಸಿ ಹಬ್ಬಕ್ಕೆ ನಾನು ಇಬ್ಬರ ಕೈಕಾಲು ಹಿಡಿದು ಒಪ್ಪಿಸಿದೆ. ಆಕೆ ತನ್ನೂರ ಸ್ಟೇಷನ್ ದಾಟಿಕೊಂಡು ಶಹಾಬಾದಿನ ನಮ್ಮ ಮನೆಗೆ ಬರುವುದು, ಅಪ್ಪ ಇಲ್ಲಿಯೇ ಸಿಗುವುದು. ಒಂದು ಮಾತು ಹೆಚ್ಚುಕಮ್ಮಿಯಾದರೆ ಮುಂದಿನ ಗಾಡಿಗೆ ತಿರುಗಿ ಹೋಗುತ್ತೇನೆ, ಮತ್ತೆ ಈ ಕಡೆ ಕಾಲಿಡುವುದಿಲ್ಲ ಎಂಬುದು ಆಕೆಯ ಕರಾರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಗಾಡಿ ತಡವಾದರೆ? ಮಾಮನ ನಾಲಿಗೆ ಜಾರಿದರೆ? ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಸೇಡಂನಿಂದ ಶಹಾಬಾದಿನತನಕ ಇಲ್ಲ. ಅಂಥ ನನಗೂ ಬ್ರಾಂದಿಯ ಚಿಂತೆ ಹೊಳೆದಿರಲಿಲ್ಲ!

ಮಾಮ ಹಿಂದಿನ ದಿನವೇ ಬಂದಿಳಿದರು. ಚೀಲದ ಮೇಲೆ ತೊಗರಿಬೇಳೆ, ಅಡಿಯಲ್ಲಿ ಬಾಟಲಿ. ಸ್ವಂತ ಊರಿನಲ್ಲಿ ಕೊಂಡರೆ ಮರ್ಯಾದೆ ಹೋಗುತ್ತದೆಂದು, ತಲೆಗೆ ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ಚಿಂಚೋಳಿತನಕ ಹೋಗಿದ್ದರಂತೆ. ಅಂಗಡಿಯವನು ಎದ್ದು ನಿಂತು ಕೈ ಮುಗಿದನಂತೆ. "ನಮಸ್ಕಾರ್ರಿ ಸರ. ಮನ್ಯಾಗ ಯಾರಿಗರ ನೆಗಡಿ ಆಗ್ಯಾದೇನ್ರಿ?" ಹಳೆಯ ವಿದ್ಯಾರ್ಥಿ! ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಫಲಕ ಹಿಡಿದವನು!

ಮಾಡಬೇಕಾದದ್ದಾದರೂ ಏನು? ಮಗಳು ಬಾರಿನಲ್ಲಿ ಮಾಡುವಂಥ ಪದರದ ಪಾನೀಯ. ಹೆಬ್ಬೆರಳಿನಷ್ಟು ಗ್ಲಾಸು. ಕೆಳಗೆ ಕರಿ ಕಾಫಿಯ ಪಾಕ, ನಡುವೆ ಬ್ರಾಂದಿ ಬೆರೆಸಿದ ಕೆನೆ, ಮೇಲೆ ಬರೀ ಬ್ರಾಂದಿ. ಒಂದಕ್ಕೊಂದು ಕೂಡದೆ ನಿಲ್ಲಬೇಕು. ಊರಿನಲ್ಲಿ ಹೆಂಡತಿಗೆ ಕೇಳಿಸಬಾರದೆಂದು ಮಾಮ ದನಿ ಮುಚ್ಚಿ ಫೋನಿನಲ್ಲಿ ನೋಡಿದ ವಿದ್ಯೆಯಿದು. ಚಹಾ ಬಿಟ್ಟರೆ ಬೇರೆ ಗೊತ್ತಿಲ್ಲದ ನಮ್ಮ ಮನೆಯಲ್ಲಿ ಕಾಫಿಪುಡಿ ತಂದು ಪಾಕ ಕಾಯಿಸಿದರು. ಹೋಗಲಿ ಎಂದುಕೊಂಡೆ. ಆದರೆ ಕೆನೆ? ನನ್ನ ಗಡಿಗೆಗೇ ಕೈ ಹಾಕಿದರು! ಶೇಂಗಾ ಹೋಳಿಗೆಗೆ ಮನೆಯ ತುಪ್ಪ ಇರಲೆಂದು ದಿನವೂ ಕೂಡಿಸಿ, ಹೆಪ್ಪು ಹಾಕಿಟ್ಟ ಎಮ್ಮೆ ಹಾಲಿನ ಕೆನೆ! ಹೆಪ್ಪಾದ ಕೆನೆಗೆ ಬ್ರಾಂದಿ ಸುರಿದು ಬಾಟಲಿಯಲ್ಲಿ ಗಡಗಡ ಅಲ್ಲಾಡಿಸಿದರೆ ಏನಾಗುತ್ತದೆಂದು ನಮ್ಮ ಓಣಿಯ ಯಾವ ಹೆಂಗಸನ್ನಾದರೂ ಕೇಳಿ. ಬೆಣ್ಣೆ ಮೇಲೆದ್ದಿತು, ಮಜ್ಜಿಗೆ ಕೆಳಗಿಳಿಯಿತು.

"ನೋಡವ್ವ, ಪದರ ಬಂತು" ಎಂದರು ಮಾಮ.

ನಾನು ಆ ಬೆಣ್ಣೆಯನ್ನು ಹಿತ್ತಲಿಗೆ ಒಗೆದು ಬರುವಷ್ಟರಲ್ಲಿ, ಸೋಮವಾರದ ಒಪ್ಪತ್ತು ಎಂದೂ ತಪ್ಪಿಸದ ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಅಡುಗೆ ಕಟ್ಟೆಯ ಮೇಲಿದ್ದ ಮಜ್ಜಿಗೆ ಕುಡಿದು ಮುಗಿಸಿದ್ದರು. ಮಧ್ಯಾಹ್ನವೆಲ್ಲ ಸುಖವಾಗಿ ನಿದ್ದೆ ತೆಗೆದು ಎದ್ದು, "ಮಜ್ಜಗಿ ಭಾಳ ಛಲೋ ಆಗಿತ್ತು. ನಾಳಿಗೂ ಮಾಡು" ಎಂದರು. ಈ ಪಾಪ ಯಾರ ತಲೆಗೆ? ಮಾಮನಿಗೋ, ಗಡಿಗೆ ಇಟ್ಟ ನನಗೋ?

ಮರುದಿನ ಅಂಗಡಿಯಿಂದ ಕ್ರೀಮಿನ ಪ್ಯಾಕೆಟ್ ತಂದು, ಕಟ್ಟೆಯ ಮುಂದೆ ಸ್ಟೂಲ್ ಹಾಕಿ ಕೂತು ಮತ್ತೆ ಶುರು. ಚಮಚದಿಂದ ಬಿಟ್ಟದ್ದೆಲ್ಲ ಗ್ಲಾಸಿನಲ್ಲಿ ಕಲೆಸಿ ಕೆಸರಾಗುತ್ತಿತ್ತು. ಅಷ್ಟರಲ್ಲಿ ಗಾಡಿ ಹತ್ತಿರದ ವಾಡಿ ಸ್ಟೇಷನ್ ಬಿಟ್ಟಿತೆಂದು ಹುಡುಗಿಯ ಫೋನ್ ಬಂತು. ನನ್ನ ತಾಳ್ಮೆ ಹರಿಯಿತು.

"ಮಾಮಾ, ಇದನ್ನ ಮಾಡ್ತಾಳಂತ ಆಕಿಗಿ ಮನಿ ಬಿಡಿಸಿದ್ರಿ. ಈಗ ಆಕೀ ಮುಂದನೇ ಅಣಕ ಮಾಡ್ಲಿಕ್ಕ ಕುಂತೀರೇನ್ರಿ?"

ಮಾಮ ಕೆಸರಾದ ಗ್ಲಾಸನ್ನು ತೊಳೆದು ಮತ್ತೆ ಪಾಕ ಸುರಿದರು.

ಹುಡುಗಿ ಬಂದಳು. ಹೆಗಲ ಚೀಲ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬಾಟಲಿ ನೋಡಿದಳು, ಗ್ಲಾಸು ನೋಡಿದಳು, ಮುಖ ಬಿಗಿಯಿತು. ಮುಗಿಯಿತು ಎಂದುಕೊಂಡು ನಾನು ಮುಂದಿನ ಗಾಡಿಯ ಹೊತ್ತನ್ನು ನೆನಪಿಸಿಕೊಳ್ಳತೊಡಗಿದೆ.

"ನಿಲ್ಲವಲ್ದು, ಯವ್ವಾ" ಎಂದರು ಮಾಮ, ತಲೆಯೆತ್ತದೆ. "ನಿನ್ನಿಯಿಂದ ಮಾಡ್ಲಿಕತ್ತೀನಿ. ನೀ ಹ್ಯಾಂಗ ನಿಲ್ಲಸ್ತಿ?"

ಆಕೆ ಚೀಲ ಇಳಿಸಿ, ಕೈ ತೊಳೆದುಕೊಂಡು ಬಂದಳು. ಅಪ್ಪನ ಕೈಯಲ್ಲಿದ್ದ ಚಮಚವನ್ನು ಮಗುಚಿದಳು. ಆ ಕೈಯನ್ನು ತನ್ನ ಕೈಯಿಂದ ಹಿಡಿದುಕೊಂಡಳು.

"ಚಮಚದ ಬೆನ್ನ ಮ್ಯಾಲ ಬಿಡಬೇಕಪ್ಪ. ಸಾವಕಾಶ."

ಕಪ್ಪಿನ ಮೇಲೆ ಬಿಳಿ ನಿಂತಿತು. ಬಿಳಿಯ ಮೇಲೆ ಹೊಂಬಣ್ಣ ನಿಂತಿತು. ಮಾಮ ಗಲ್ಲವನ್ನು ಕಟ್ಟೆಗೆ ತಾಗಿಸುವಷ್ಟು ಬಗ್ಗಿ ಅದನ್ನು ನೋಡಿದರು.

"ದಿನಾ ಹಿಂಗ ನಿಂತೇ ಮಾಡ್ತೀಯೇನು?"

"ಹೂಂ."

"ಕಾಲು ನೋಯ್ತಾವ?"

ಆಕೆ ಗ್ಲಾಸಿನ ಅಂಚು ಒರೆಸುತ್ತ, "ನೋಯ್ತಾವಪ್ಪ" ಎಂದಳು.

ಮಾಮ ಎದ್ದು, ತಾವು ಕೂತಿದ್ದ ಸ್ಟೂಲನ್ನು ಆಕೆಯ ಕಡೆ ಸರಿಸಿದರು.