ಜಯಶೀಲರು ಪರದೆ ಸರಿಮಾಡಿದ್ದು

ಆಯುಧಪೂಜೆಯ ದಿನ ಮನೆಯ ಯಾವ ಯಂತ್ರಕ್ಕೂ ಬೇಸರವಾಗಬಾರದು ಎಂಬುದು ಜಯಶೀಲರ ನಿಯಮ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲ ಮುಗಿದ ಮೇಲೆ ಮಗಳು ತೃಷಾಳ ಕಂಪ್ಯೂಟರಿನ ವಯರುಗಳನ್ನು ಬಿಚ್ಚಿ, ಒರೆಸಿ, ಹಿಂದೆ ಮುಂದೆ ಗಂಧ ಕುಂಕುಮ ಹಚ್ಚಿ, ಮತ್ತೆ ಜೋಡಿಸಿಟ್ಟರು. ದೇವರು ಮೆಚ್ಚಿರಬಹುದು, ಕಂಪ್ಯೂಟರ್ ಮೆಚ್ಚಲಿಲ್ಲ.

ಮರುದಿನ ದಸರೆ, ಬೇಲಾಪುರದ ಆಫೀಸಿಗೆ ರಜೆ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಕಾಫಿ ಕುಡಿಯುತ್ತಿದ್ದ ಜಯಶೀಲರ ಮುಂದೆ ತೃಷಾ ಬಂದು ನಿಂತಳು.

“ಪಪ್ಪಾ, ಸಂಜೆ ಕಾರ್ ರೇಸ್ ಮ್ಯಾಚ್ ಇದೆ. ಇಬ್ಬರು ಬೇಕು. ನನ್ನ ಫ್ರೆಂಡ್ ಅನುಷ್ಕಾ ಬರಲ್ಲ ಅಂತೆ. ಆಪ್ ಖೇಲೋಗೇ?”

ಜಯಶೀಲರಿಗೆ ಕಾಫಿ ನೆತ್ತಿಗೇರಿತು. ಒಂಬತ್ತನೇ ಕ್ಲಾಸಿಗೆ ಬಂದಂದಿನಿಂದ ಮಗಳು ಅವರ ಮಾತಿಗೆಲ್ಲ ಹೆಡ್‌ಫೋನಿನೊಳಗಿಂದ ‘ಹಾಂ’ ಅಥವಾ ‘ನಹೀಂ’ ಅನ್ನುತ್ತಿದ್ದಳು, ಅಷ್ಟೇ. ಪಕ್ಕದಲ್ಲಿ ಕೂತು ಆಡಿ ಎಂದು ಕರೆದದ್ದು ಇದೇ ಮೊದಲು. ಅವರಿಗೆ ಅಳುವಷ್ಟು ಸಂತೋಷವಾಯಿತು.

ಸಂಜೆಯೊಳಗೆ ಆಟ ಕಲಿಯಲೆಂದು ಆಗಲೇ ಕುರ್ಚಿ ಎಳೆದು ಕೂತರು. ಪರದೆ ಮಿಣಮಿಣ ಎಂದಿತು. ಕಾರು ಓಡುವುದರ ಬದಲು ಸಿಗ್ನಲ್ ಸಿಗದ ಲೋಕಲ್ ರೈಲಿನಂತೆ ನಿಂತು ನಿಂತು ತೆವಳಿತು.

“ಚಲ್ತಾ ಹೈ ಪಪ್ಪಾ. ಹೀಗೇ ಆಡೋಣ.”

“ಛೆ ಛೆ! ನಿನ್ನೊಟ್ಟಿಗೆ ಆಡುವ ದಿವಸ ಎಲ್ಲ ಫಸ್ಟ್ ಕ್ಲಾಸ್ ಇರ್ಬೇಕು. ನಾನು ಸರಿ ಮಾಡ್ತೇನೆ.”

ಸುದ್ದಿ ಬಾಗಿಲು ದಾಟಲು ತಡವಾಗಲಿಲ್ಲ. ಎದುರು ಫ್ಲ್ಯಾಟಿನ ವಿಜಯಪುರದ ಯಂಕಣ್ಣ ಬನಿಯನ್ನಿನಲ್ಲೇ ಹಾಜರಾದ.

“ನಮ್ಮ ಟೀವಿನೂ ಹಿಂಗ ಮಾಡ್ತಿತ್ರಿ. ಎರಡು ಬಿಟ್ಟೆ ನೋಡ್ರಿ, ಸುಮ್ಮನಾತು,” ಎಂದವನೇ ಪರದೆಯ ಬೆನ್ನಿಗೆ ಬಾರಿಸಿದ. ಮಿಣುಕು ಹೆಚ್ಚಾಯಿತು. “ಹಂಗಾರ ಚಿತ್ರದ ಕ್ವಾಲಿಟಿ ತಗ್ಗಸ್ರಿ, ಹಗರ ಓಡತೈತಿ.”

ತಗ್ಗಿಸಿದರು. ಕಾರು ಓಡಿಸುವವನ ಮೂಗು, ಬಾಯಿ ಮಾಯವಾಗಿ ಮುಖ ಇಡ್ಲಿಯಂತಾಯಿತು. ಈಗ ಇಡ್ಲಿಯೇ ಮಿಣುಕತೊಡಗಿತು.

ಅಷ್ಟರಲ್ಲಿ ಮೇಲಿನ ಮಹಡಿಯ ವನಮಾಲಾ ಬಂದರು. ಅವರಿಗೆ ಒಂದೇ ನೋಟಕ್ಕೆ ಗೊತ್ತಾಯಿತು. “ದೃಷ್ಟಿ ಆಗಿದೆ, ಮತ್ತೆಂತ ಅಲ್ಲ!” ಉಪ್ಪು ಮೆಣಸು ಪರದೆಗೆ ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದರು. ಘಾಟಿಗೆ ಎಲ್ಲರೂ ಕೆಮ್ಮುತ್ತ ಮೆಟ್ಟಿಲಿಗೆ ಓಡಿದರು.

“ಸಾಕು ಮಾರಾಯ್ರೇ ನಿಮ್ಮ ರಿಪೇರಿ!” ಎಂದು ಹೆಂಡತಿ ಸುಗುಣಾ ಕಣ್ಣೊರೆಸುತ್ತ ರೇಗಿದಳು. ನೆರೆಯವರು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಕೊನೆಗೆ ಅಪ್ಪ ಮಗಳು ಸ್ವಿಚ್ ಆರಿಸಿ, ಟಾರ್ಚ್ ಹಿಡಿದು ಮೇಜಿನಡಿ ನುಗ್ಗಿದರು. ಅಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ತಲೆಗೆ ತಲೆ ತಾಗುತ್ತಿತ್ತು. ತೃಷಾ ಒಂದೊಂದೇ ವಯರು ಅಲುಗಿಸುತ್ತ, ತನಗೆ ಗಣಿತದ ಮೇಡಂ ಕಂಡರೆ ಹೆದರಿಕೆ ಎಂದಳು. ಚಿತ್ರ ಬಿಡಿಸುವುದೆಂದರೆ ಜೀವ ಎಂದಳು. ಜಯಶೀಲರು ಟಾರ್ಚನ್ನು ಎಲ್ಲಿಗೋ ಹಿಡಿದು ಮಗಳ ಮುಖವನ್ನೇ ನೋಡುತ್ತಿದ್ದರು.

“ಪಪ್ಪಾ! ಪರದೆಯ ವಯರ್ ಮೇಲಿನ ತೂತಿನಲ್ಲಿದೆ, ಅದೂ ಸಡಿಲ! ಆಟದ ಚಿತ್ರ ಓಡಿಸೋ ಗ್ರಾಫಿಕ್ಸ್ ಕಾರ್ಡ್ ಇರೋದು ಕೆಳಗೆ. ಅದಕ್ಕೆ ಕೆಲಸಾನೇ ಇಲ್ಲ! ಕಿಸ್ನೇ ಕಿಯಾ?”

ಜಯಶೀಲರು ಗಂಟಲು ಸರಿಮಾಡಿಕೊಂಡರು. “ಕೆಳಗಿನ ತೂತಿನ ಸುತ್ತ ಕುಂಕುಮ ಹಚ್ಚಿ ಆಗಿತ್ತಲ್ಲ? ಪೂಜೆ ಮಾಡಿದ್ದನ್ನು ಅಳಿಸುವುದು ಹೇಗೆ ಅಂತ ಮೇಲಿನದಕ್ಕೆ ಸಿಕ್ಕಿಸಿದೆ.”

ತೃಷಾ ನಕ್ಕಳು. ನಗುತ್ತ ನಗುತ್ತ ಅಪ್ಪನ ಭುಜಕ್ಕೆ ಒರಗಿಬಿಟ್ಟಳು. ಜಯಶೀಲರು ದೇವರಲ್ಲಿ ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು ಕುಂಕುಮ ಒರೆಸಿ, ವಯರನ್ನು ಸ್ವಸ್ಥಾನಕ್ಕೆ ಸೇರಿಸಿ ಬಿಗಿ ಮಾಡಿದರು.

ಸ್ವಿಚ್ ಹಾಕಿದರೆ ಮಿಣುಕಿಲ್ಲ, ನಡುಕವಿಲ್ಲ! ಕಾರು ಎಣ್ಣೆ ಸವರಿದ ಹಾಗೆ ನುಣ್ಣಗೆ ಓಡಿತು. ಜಯಶೀಲರು ಮುಖ ತೊಳೆದು, ಒಳ್ಳೆಯ ಅಂಗಿ ಹಾಕಿಕೊಂಡು ಕುರ್ಚಿಯ ಹತ್ತಿರ ಬಂದರು. ತೃಷಾ ಫೋನಿನಲ್ಲಿದ್ದಳು.

“ಠೀಕ್ ಹೋ ಗಯಾ! ಪಪ್ಪಾನೇ ಕಿಯಾ! ಜಲ್ದಿ ಆ ಜಾ!”

“ಯಾರು?” ಎಂದರು ಜಯಶೀಲರು.

“ಅನುಷ್ಕಾ. ಸ್ಕ್ರೀನ್ ಮಿಣುಕ್ತಿದೆ ಅಂತ ನಿನ್ನೆ ರಾತ್ರಿ ಹೇಳಿದ್ದೆ. ಮಿಣುಕಿದ್ರೆ ಅವಳಿಗೆ ತಲೆನೋವು, ಅದಕ್ಕೇ ಬರಲ್ಲ ಅಂದಿದ್ದು. ಈಗ ಬರ್ತಾಳೆ. ಥ್ಯಾಂಕ್ಯೂ ಪಪ್ಪಾ, ನೀವು ಬೆಸ್ಟ್!” ಎಂದು ತೃಷಾ ಅವರ ಕೆನ್ನೆಗೊಂದು ಮುತ್ತು ಕೊಟ್ಟಳು.

ಸಂಜೆ ಅನುಷ್ಕಾ ಆ ಕುರ್ಚಿಯಲ್ಲಿ ಕೂತಳು. ಜಯಶೀಲರು ಒಳ್ಳೆಯ ಅಂಗಿಯಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಮಗಳ ಕಾರು ಎಲ್ಲರಿಗಿಂತ ಮುಂದಿತ್ತು. ಅವಳು ಕುಣಿದಾಡುತ್ತಿದ್ದಳು. ಸುಗುಣಾ ಗಂಡನ ಸಪ್ಪೆ ಮುಖ ನೋಡಿದಳು. ಹತ್ತಿರ ಬಂದು ಪಿಸುಗುಟ್ಟಿದಳು.

“ಆ ವಯರನ್ನು ನಾನು ಒಮ್ಮೆ ಎಳೆದು ಬಿಡ್ಲಾ?”

“ಈಗ ಬೇಡ ಮಾರಾಯ್ತಿ,” ಎಂದರು ಜಯಶೀಲರು. “ಅವಳೊಮ್ಮೆ ಗೆಲ್ಲಲಿ. ಆಮೇಲೆ ಎಳಿ.”