ಪಂಚಮಿಗೆ ಚಂದ್ರನಿಂದ ಕರೆತಂದದ್ದು

ರಾಕೆಟ್ ಇಳಿಸುವುದು ಕಷ್ಟವೇನಲ್ಲ ಎಂದು ನಾನು ನಂಬಿದ್ದೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಎಷ್ಟೋ ರಾಕೆಟ್‌ಗಳ ಸುದ್ದಿ ತಿದ್ದಿದವನು. ಮೇಲೆ ಹೋದದ್ದು ಕೆಳಗೆ ಬರಲೇಬೇಕು. ಅದಕ್ಕೆ ನನ್ನ ಸಹಾಯ ಎಷ್ಟು ಬೇಕಾದೀತು?

ನಿವೃತ್ತನಾಗಿ ರೋಣದ ಮನೆ ಸೇರಿದ ಮೇಲೆ, ಮನೆಯಲ್ಲಿ ಯಾರು ಮಾತಾಡಿದರೂ ನಾನು ವಾಕ್ಯ ತಿದ್ದುತ್ತಿದ್ದೆನಂತೆ. ಬೇಸತ್ತ ಮಗಳು ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬಾಹ್ಯಾಕಾಶದ ಆಟವೊಂದನ್ನು ಹಾಕಿಕೊಟ್ಟಳು. "ಅಪ್ಪಾ, ಇನ್ ಮ್ಯಾಲ ಇದನ್ನ ತಿದ್ಕೋತ ಕುಂಡ್ರು" ಎಂದು ಗದಗಿನ ಬಸ್ಸು ಹತ್ತಿದಳು. ಆ ಆಟದಲ್ಲಿ ರಾಕೆಟ್ಟನ್ನು ನಾವೇ ಜೋಡಿಸಬೇಕು, ನಾವೇ ಹಾರಿಸಬೇಕು, ನಾವೇ ಇಳಿಸಬೇಕು.

ನನ್ನ ಮೊದಲ ರಾಕೆಟ್ ಮೇಲಕ್ಕೆ ಹೋಗದೆ ಪಕ್ಕಕ್ಕೆ ಹೋಯಿತು. ಮುಂದಿನದು ಚಂದ್ರನವರೆಗೆ ಹೋಯಿತು. ಇಳಿಯುವಾಗ ಇಂಜಿನ್ನಿನ ಬಾಯಿ ನೆಲದ ಕಡೆಗಿದ್ದರೆ ವೇಗ ತಗ್ಗುತ್ತದೆ. ನಾನು ಆಕಾಶದ ಕಡೆ ತಿರುಗಿಸಿ ಹೊತ್ತಿಸಿದೆ. ಇಷ್ಟು ವೇಗವಾಗಿ ನಾನು ಯಾವ ಊರನ್ನೂ ತಲುಪಿರಲಿಲ್ಲ.

ನೌಕೆಯಲ್ಲಿ ಕೂರುವವರಿಗೆ ಹೆಸರು ಕೊಡಬಹುದು. ಇನ್ನಷ್ಟು ಅಪಘಾತಗಳ ನಂತರ ಕೈ ಕುದುರಿತೆನ್ನಿಸಿ, ಗೌರವಪೂರ್ವಕವಾಗಿ ಹೆಂಡತಿಯ ಹೆಸರು ಕೊಟ್ಟೆ. ಸುಶೀಲಾ ಚಂದ್ರನ ಮೇಲೆ ಇಳಿದಳು. ಮೆತ್ತಗೇ ಇಳಿದಳು. ಆಮೇಲೆ ನೌಕೆ ಒಂದು ಕಾಲು ಮಡಚಿ, ಬಿಸಿಲಿಗೆ ದಣಿದ ಎಮ್ಮೆಯಂತೆ ಮಗ್ಗುಲಾಯಿತು. ಇಂಧನವೂ ಮುಗಿದಿತ್ತು.

ನಿಜವಾದ ಸುಶೀಲಾ, ನಾಗರ ಪಂಚಮಿಗೆಂದು ಶೇಂಗಾ ಉಂಡಿ ಕಟ್ಟುತ್ತಿದ್ದವಳು, ಹಾಗೇ ಎದ್ದು ಬಂದು ನನ್ನ ಹಿಂದೆ ನಿಂತಿದ್ದಳು.

"ಅಕಿ ಯಾರು?"

"ನೀನ."

"ಯಾವಾಗ ಬರ್ತೀನಿ?"

"ಈ ಬಗ್ಗೆ ಅಧಿಕೃತ ಮಾಹಿತಿ ಇಲ್ಲ" ಎಂದೆ.

"ಪಂಚಮಿ ಬಂತು. ಹೆಣ್ಮಕ್ಕಳು ತವರಿಗಿ ಹೋಗೂ ಹೊತ್ತಿನ್ಯಾಗ ನನ್ನ ಅಲ್ಲಿ ಒಗದ ಬಂದೀರಿ. ಹಬ್ಬದೊಳಗ ಕರ್ಕೊಂಡ ಬರ್ರಿ."

ನಾನು ನಕ್ಕೆ. ಅವಳು ನಗಲಿಲ್ಲ.

ಸುಶೀಲಾಳ ತವರು ಗಜೇಂದ್ರಗಡ. ನಾವು ಯಾವ ಊರಲ್ಲಿದ್ದರೂ ಪಂಚಮಿಗೆ ಅವಳ ಅಣ್ಣ ಕರೆಯಲು ಬರುತ್ತಿದ್ದ. ಹೆಗಲ ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು, "ಚಾ ಆಮ್ಯಾಲ್ರಿ ಮಾವಾರ, ಮೊದ್ಲ ತಂಗಿನ್ನ ಕಳಸ್ರಿ" ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಇದು ಮೊದಲ ಪಂಚಮಿ. ಕರೆಯಲು ಯಾರೂ ಬರುವುದಿಲ್ಲವೆಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಊರೆಲ್ಲರ ಸುದ್ದಿ ಬರೆದ ನನಗೂ ಹೊಳೆದಿರಲಿಲ್ಲ.

ಆಟವನ್ನು ಮೊದಲಿನಿಂದ ಆಡಬಹುದಿತ್ತು. ಆದರೆ ಅಚ್ಚಾಗಿ ಹೋದ ಪತ್ರಿಕೆಯನ್ನು ಹಿಂದಕ್ಕೆ ಕರೆದು ನನಗೆ ರೂಢಿಯಿಲ್ಲ. ಹೊಸ ರಾಕೆಟ್ ಕಟ್ಟಿ, ಅದರ ಹೊಟ್ಟೆಗೆ ಚಂದ್ರನ ಮೇಲೆ ಓಡಾಡುವ ರೋವರ್ ಗಾಡಿಯೊಂದನ್ನು ಸಿಕ್ಕಿಸಿ, ಈ ಸಲ ನನ್ನದೇ ಹೆಸರು ಕೊಟ್ಟು ಹೊರಟೆ. ನೆಟ್ಟಗೆ ಇಳಿದೆ. ಇಳಿದದ್ದು ಮಾತ್ರ ಅವಳಿಂದ ರೋಣಕ್ಕೂ ಗಜೇಂದ್ರಗಡಕ್ಕೂ ಇರುವಷ್ಟು ದೂರದಲ್ಲಿ.

ಇರಲಿ. ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಸ್ಕೂಟರ್ ಓಡಿಸಿ ಸುದ್ದಿ ತಂದ ಕೈ ಇದು. ಜೋರಾಗಿ ಬಿಟ್ಟೆ. ಚಂದ್ರನಲ್ಲಿ ಸೆಳೆತ ಕಡಿಮೆ. ಸಣ್ಣ ದಿಬ್ಬಕ್ಕೆ ತಾಗಿ ಎದ್ದ ಗಾಡಿ, ನಾನು ಚಹಾ ಗುಟುಕರಿಸಿ ಲೋಟ ಕೆಳಗಿಟ್ಟರೂ ನೆಲ ಮುಟ್ಟಿರಲಿಲ್ಲ. ಮುಟ್ಟಿದ ಕೂಡಲೆ ಬ್ರೇಕ್ ಒತ್ತಿದೆ. ಗಾಡಿ ಲಾಗ ಹೊಡೆದು ಅಂಗಾತ ಬಿತ್ತು. ಪುಣ್ಯಕ್ಕೆ, ಗುಂಡಿಯೊಂದನ್ನು ಒತ್ತಿದರೆ ಅದು ತಾನೇ ಹೊರಳಿ ಎದ್ದು ನಿಲ್ಲುತ್ತದೆ. ಆ ಗುಂಡಿಯ ಮೇಲಿನ ಅಕ್ಷರ ಅಂದೇ ಸವೆಯಿತು.

"ಸಾವಕಾಶ್ರಿ" ಎಂದು ಸುಶೀಲಾ ಕುರ್ಚಿ ಎಳೆದು ಪಕ್ಕ ಕೂತಳು.

ಅಂತೂ ಅವಳನ್ನು ತಲುಪಿ, ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಿರುಗಿದೆ. ಬೂದು ಬಣ್ಣದ ದಿಣ್ಣೆಗಳು ಒಂದೊಂದಾಗಿ ಹಿಂದೆ ಸರಿದವು.

"ಅಣ್ಣನ ಜೋಡಿ ಬಸ್ಸಿನ್ಯಾಗ ಹಿಂಗ ಕಿಡಕ್ಯಾಗಿಂದ ನೋಡ್ಕೋತ ಹೋಗ್ತಿದ್ನಿ" ಎಂದಳು. "ಗುಡ್ಡ ಕಂಡ್ ಕೂಡ್ಲೆ, 'ಬಂತ ನೋಡವಾ ನಮ್ಮೂರು' ಅಂತಿದ್ದ. ನನಗ ಕಾಣೂದಿಲ್ಲೇನೋ ಅನ್ನವ್ರಂಗ."

ದೂರದಲ್ಲಿ ನನ್ನ ನೌಕೆ ಕಂಡಿತು. "ಬಂತ ನೋಡವಾ" ಎಂದೆ.

"ನೀವ್ ದಾರಿ ನೋಡ್ರಿ" ಎಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ನೌಕೆಯ ಬಾಗಿಲು ತೆರೆದಾಗ ತನಿಖೆಯ ಫಲಿತಾಂಶ ಹೊರಬಿತ್ತು. ಒಳಗಿದ್ದದ್ದು ಒಂದೇ ಸೀಟು. ಕಟ್ಟಿದವನೂ ನಾನು, ಪರಿಶೀಲಿಸಿದವನೂ ನಾನು. ಇಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಕರಿಯಾಕ ಬಂದವ್ರು ಒಂದ ಸೀಟ ತಂದೀರೇನ್ರಿ?"

ನನ್ನನ್ನು ಹೊರಗೆ ನಿಲ್ಲಿಸಿ ಅವಳನ್ನು ಕೂರಿಸಿದೆ. ನೌಕೆ ಏರಿತು. ಭೂಮಿಯ ಹತ್ತಿರ ಛತ್ರಿ ಬಿಚ್ಚಿ ಸಮುದ್ರಕ್ಕೆ ಬಿದ್ದು, ತೇಲಿತು. ಸುಶೀಲಾ ಉಸಿರು ಬಿಟ್ಟು ಉಂಡಿ ಕಟ್ಟಲು ಎದ್ದಳು.

ಹಬ್ಬದ ಹಿಂದಿನ ದಿನ, ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಚಾ ಆಮ್ಯಾಲ. ಮೊದ್ಲ ನಡಿ" ಎಂದೆ. ಅವಳು ಸೀರೆ ಬದಲಿಸಲು ಒಳಗೆ ಹೋದಳು. ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೇ ಬಿಟ್ಟೆ.

ದಾರಿಯಲ್ಲಿ ಮೆಲ್ಲಗೆ ಕೇಳಿದೆ: "ನಾ ಇನ್ನೂ ಚಂದ್ರನ ಮ್ಯಾಲ ಅದೀನಿ. ನನ್ನ ಕರಿಯಾಕ ಯಾವಾಗ ಬರ್ತೀ?"

"ಗಂಡಸರನ್ನ ಪಂಚಮಿಗಿ ಯಾರ್ ಕರಿಯಾಕ ಬರ್ತಾರ್ರಿ? ಅಲ್ಲೇ ಇರ್ರಿ."

ಇದ್ದೇನೆ.