ಅಡುಗೆಮನೆ ಬಾಗಿಲಿನ ಕಾರ್ಬನ್

ನಮ್ಮ ಸೋದರಮಾವನ ಕಣ್ಣೆದುರು ನಾಲ್ಕು ಜನ ಒಟ್ಟಿಗೆ ನಿಲ್ಲಬಾರದು. ನಿಂತರೆ ಮುಗಿಯಿತು, ಕೈಕೈ ಹಿಡಿಸಿ ಕಾರ್ಬನ್ನಿನ ಉಂಗುರ ಮಾಡಿಬಿಡುತ್ತಿದ್ದರು! ಮನೆ ಹರಿಹರದಲ್ಲಿ, ರಸಾಯನಶಾಸ್ತ್ರದ ಮೇಷ್ಟರ ಕೆಲಸ ದಾವಣಗೆರೆ ಕಾಲೇಜಿನಲ್ಲಿ. ಪಾಠ ಅಲ್ಲೇ ಮುಗಿಯಬೇಕಲ್ಲವೇ? ಕಲ್ಲಿದ್ದಲ ಹೊಗೆಯ ರೈಲಿನಲ್ಲೂ ಮುಂದುವರಿಯುತ್ತಿತ್ತು. ಒಮ್ಮೆ ಇಬ್ಬರು ಹತ್ತಿ ವ್ಯಾಪಾರಿಗಳನ್ನೂ ಟಿಕೆಟ್ ನೋಡಲು ಬಂದವನನ್ನೂ ಸೇರಿಸಿಕೊಂಡು ಉಂಗುರ ಕಟ್ಟಿದರಂತೆ. ಇಳಿಯುವಾಗ ಒಬ್ಬ ವ್ಯಾಪಾರಿ, ಓಟು ಯಾವ ಪಾರ್ಟಿಗೆ ಹಾಕಬೇಕೆಂದು ಕೇಳಿದನಂತೆ!

ನಾನು ಹೈಸ್ಕೂಲಿಗೇ ಓದು ಬಿಟ್ಟು ಅವರ ಮನೆಯಲ್ಲಿ ಬೆಳೆದವಳು. ಅವರ ಹಳೆಯ ಪುಸ್ತಕ ಓದಿ, ನಾಲ್ಕು ಕಾರ್ಬನ್ನಿನ ಉಂಗುರಕ್ಕೆ ಯಾಕಷ್ಟು ಬಿಗಿ ಎಂದು ಕೇಳಿದ್ದೇ ತಪ್ಪಾಯಿತು. ಅಂದಿನಿಂದ ಊಟಕ್ಕೂ ಸಾಲು ಹೋಗಿ ಉಂಗುರ ಬಂತು. ಅಜ್ಜ, ಅತ್ತೆ, ಮಾವ, ನಾನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ನನ್ನ ಸಾರು ಅತ್ತೆಯ ಎಲೆಗೆ ಹರಿಯುತ್ತಿತ್ತು. ಬಿಗಿ ಅಂದರೆ ಇದೇ ಎಂದು ಮಾವನಿಗೆ ಎಂಥ ಖುಷಿ!

ಅಷ್ಟರಲ್ಲಿ ಮಾವನ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ಗಂಡನನ್ನು ಕಳೆದುಕೊಂಡು ಮಲೆಬೆನ್ನೂರಿನಿಂದ ತವರಿಗೆ ಬಂದಳು. ಎಲ್ಲರೂ ಉಂಡ ಮೇಲೆ ಅವಳೊಬ್ಬಳೇ ಉಣ್ಣಬೇಕೆಂದು ಅಜ್ಜನ ಕಟ್ಟಪ್ಪಣೆ. ಬಡಿಸಿ, ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮಾವನ ಪಾಠ ನಿಂತೇಹೋಯಿತು. ರೈಲಿನಲ್ಲೂ ಸುಮ್ಮನೆ ಕಿಟಕಿ ನೋಡುತ್ತಿದ್ದರಂತೆ.

ಒಂದು ಭಾನುವಾರ ಊಟಕ್ಕೆ ಮುಂಚೆ ಮಾವ ಮತ್ತೆ ನಮ್ಮನ್ನು ಕೈ ಹಿಡಿಸಿ ಕೂರಿಸಿದರು. ಅವರ ಎಡಗೈ ಅಜ್ಜನ ಕೈಯಲ್ಲಿ, ಬಲಗೈ ಅತ್ತೆಯ ಕೈಯಲ್ಲಿ. ಕಾರ್ಬನ್ನಿಗೆ ನಾಲ್ಕು ಕೈ, ಮಾವನಿಗೆ ಎರಡೇ! ಅದಕ್ಕೇ ಅಕ್ಕನನ್ನು ಕರೆದು ಹೆಗಲ ಮೇಲಿನ ಶಲ್ಯದ ತುದಿ ಹಿಡಿಸಿದರು.

"ಜೊತೆಗಿದ್ದದ್ದು ಬಿಟ್ಟುಹೋದ ಕಾರ್ಬನ್ ಇದು. ಕೊರತಿ ಹೊತ್ಕಂಡು ಹೊರಗ ನಿಂತೈತೆ," ಎಂದರು. ಆಮೇಲೆ ಅಜ್ಜನ ಕಡೆ ತಿರುಗಿದರು. "ಅಪ್ಪಾ, ನನ್ನ ಕೈ ಬಿಡ್ರಿ. ಅವಳ ಕೈ ಹಿಡೀರಿ."

"ಪಾಠದಾಗ ಹಂಗ ಐತೇನು?"

"ಹಂಗೇ ಐತ್ರಿ."

ಅಜ್ಜ ಮಗನ ಕೈ ಬಿಟ್ಟು ಮೊಮ್ಮಗಳ ಕೈ ಹಿಡಿದರು. ಅಕ್ಕ ಅವರಿಬ್ಬರ ನಡುವೆ ಕೂತಳು. ಉಂಗುರ ಐದರದ್ದಾಯಿತು, ಸಡಿಲಾಯಿತು. ಸಾರು ಅವರವರ ಎಲೆಯಲ್ಲೇ ಉಳಿಯಿತು.

ನನಗೋ ಪಾಠದ ಹುಚ್ಚು! ಆ ಕೊರತೆ ಎಲ್ಲಿ ಹೋಯಿತೆಂದು ಕೇಳಿದೆ.

"ಎಲ್ಲೂ ಹೋಗಲ್ಲವ್ವ. ಕೈ ಬಿಡಿಸ್ಕಂಡವನ ಮ್ಯಾಲೆ ಬರ್ತೈತೆ."

ಬಂತು. ಅಜ್ಜ ಮೊಮ್ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಉಂಡರು. ತಮ್ಮ ಕಟ್ಟಪ್ಪಣೆ ಮುರಿಸಿದ ಮಗನೊಂದಿಗೆ ಮಾತ್ರ ಕೊನೆಯತನಕ ಮಾತಾಡಲಿಲ್ಲ. ಮಾವ ದಿನವೂ ಅಕ್ಕ ಉಣ್ಣುವುದನ್ನೇ ನೋಡುತ್ತಾ ಉಣ್ಣುತ್ತಿದ್ದರು. ಅವರ ಎಡಗೈ ತೊಡೆಯ ಮೇಲೆ ತೆರೆದೇ ಇರುತ್ತಿತ್ತು.